ಅವ್ವನಿಗೊಂದು ಕಿವಿ

ಮುಡಬಿ
೧೨ ನವೆಂಬರ್ ೨೦೨೪

ಕಮಳಾಬಾಯಿ ಅಕ್ಕನಿಗೆ ತಮ್ಮ ಮಚ್ಚೇಂದ್ರನ ಜೈಭೀಮ್.

ನನ್ನ ಅಕ್ಷರ ನೋಡಿದ ಕೂಡಲೇ ಪತ್ರ ಒಲೆಗೆ ಹಾಕಬೇಡ. ಅವ್ವನ ವಿಷಯ ಇದೆ. ಫೋನ್ ಮಾಡಿದರೆ ಕಟ್ ಮಾಡುತ್ತಿ. ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರೆ, ತಮ್ಮನಿಗೆ ಬಾಯಿ ಇಲ್ಲವೇ ಅನ್ನುತ್ತಿ. ಹೀಗಾಗಿ ಬರೆಯಲು ಕೂತಿದ್ದೇನೆ.

ದೀಪಾವಳಿಗೂ ಮುಂಚಿನಿಂದ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ಕಣ್ಣು ಹಳದಿಯಾದವು. ಕಾಮಾಲೆ ಎಂದು ಬಸವಕಲ್ಯಾಣದಲ್ಲಿ ತೋರಿಸಿದೆವು, ಹೋದ ವಾರ ಕಲಬುರಗಿಗೆ ಒಯ್ದೆ. ಲಿವರಿನ ಕ್ಯಾನ್ಸರಂತೆ. ಬಹಳ ಮುಂದೆ ಹೋಗಿದೆ, ಕೊಯ್ಯುವ ಹಾಗಿಲ್ಲ, ಕರೆಂಟ್ ಕೊಡುವ ಹಾಗೂ ಇಲ್ಲ. ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, "ಮನಿಗಿ ಕರಕೊಂಡ ಹೋಗ್ರಿ. ಅವರ ಮನಸ್ಸಿಗಿ ಏನ ಬೇಕೋ ಅದನ್ನ ಕೊಡ್ರಿ" ಎಂದರು. ಚೀಟಿಯಲ್ಲಿ ನೋವಿನ ಗುಳಿಗೆ ಬಿಟ್ಟು ಬೇರೇನೂ ಬರೆಯಲಿಲ್ಲ. ಅವ್ವನಿಗೆ ಈಗಲೂ ಕಾಮಾಲೆ ಎಂದೇ ಹೇಳಿದ್ದೇವೆ. ನೀನೂ ಯಾರ ಮುಂದೂ ಬಾಯಿ ಬಿಡಬೇಡ.

ಅಂದಿನಿಂದ ನನಗೆ ಒಂದೇ ಚಿಂತೆ ಹತ್ತಿದೆ. ಅವಳಿಗೆ ಏನು ಕೊಡಲಿ? ಕಿವಿಯಲ್ಲಿ ಬಾಯಿಟ್ಟು "ಏನ ಬೇಕವ್ವಾ" ಎಂದು ಕೂಗಿದರೆ "ಏನೂ ಬ್ಯಾಡಪಾ" ಅನ್ನುತ್ತಾಳೆ. ಆಯುಷ್ಯವೆಲ್ಲ ಮಂದಿಯ ಹೊಲದಲ್ಲಿ ತೊಗರಿ ಕೊಯ್ದವಳು, ಬೇಕು ಅನ್ನುವ ಮಾತೇ ಅವಳ ಬಾಯಿಗೆ ರೂಢಿಯಿಲ್ಲ. ಉಣ್ಣೆಯ ಶಾಲು ತಂದೆ. ಮೂಸಿ ನೋಡಿ, ಮಡಚಿ, ಮುಂದೆ ಯಾರದಾದರೂ ಲಗ್ನಕ್ಕೆ ಆದೀತು ಎಂದು ಟ್ರಂಕಿಗೆ ಹಾಕಿದಳು. ದ್ರಾಕ್ಷಿ ತಂದೆ, ಓಣಿಯ ಹುಡುಗರಿಗೆ ಹಂಚಿದಳು. ಬಸವಕಲ್ಯಾಣದ ಬುದ್ಧ ವಿಹಾರಕ್ಕೆ ಕರೆದೊಯ್ಯುತ್ತೇನೆ ಎಂದರೆ, ಬಸ್ಸಿನ ಕುಲುಕಾಟ ತಡೆಯುವುದಿಲ್ಲ ಎಂದಳು.

ನೀನು ಮಗಳು. ತಾಯಿಯ ಮನಸ್ಸು ಮಗಳಿಗೆ ಗೊತ್ತಿರುತ್ತದೆ ಅನ್ನುತ್ತಾರೆ. ಏನು ಕೊಟ್ಟರೆ ಅವಳ ಜೀವಕ್ಕೆ ಸಮಾಧಾನ, ಬರೆದು ತಿಳಿಸು. ಬರುವುದು ಬಿಡುವುದು ನಿನ್ನ ಮರ್ಜಿ.

ಮಚ್ಚೇಂದ್ರ


ಘಾಟಬೋರಾಳ
೨೦ ನವೆಂಬರ್ ೨೦೨೪

ಮಚ್ಚೇಂದ್ರ,

ನಿನ್ನ ಕೂಡ ಮಾತಾಡುವುದಿಲ್ಲ ಎಂದು ಆಣೆ ಮಾಡಿದ್ದೇನೆ, ಬರೆಯುವುದಿಲ್ಲ ಎಂದಿಲ್ಲ. ಅದಕ್ಕೇ ಉತ್ತರ ಕೊಡುತ್ತಿದ್ದೇನೆ. ಜೈಭೀಮ್ ಅಂದ ಕೂಡಲೇ ಅಕ್ಕ ಕರಗಿದಳೆಂದು ತಿಳಿಯಬೇಡ.

ನೀನು ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ನನ್ನ ಸುಜಾತಾಳನ್ನು ತೊಟ್ಟಿಲಿಗೆ ಹಾಕಿದ ದಿನ, ಇವಳು ನಮ್ಮ ಅಜೀತನಿಗೇ ಎಂದು ಅವ್ವ ಅಂದಳು. ನೀನು ನಕ್ಕು ಹ್ಞೂಂ ಅಂದಿ. ಇಪ್ಪತ್ತು ವರ್ಷ ಆ ಹ್ಞೂಂ ನಂಬಿಕೊಂಡು ಕೂತವಳು ನಾನು. ನಿನ್ನ ಮಗ ಲಾತೂರಿನ ಹುಡುಗಿಯನ್ನು ಮೆಚ್ಚಿದ, ಅದನ್ನೂ ಒಪ್ಪೋಣ, ಈಗಿನ ಮಕ್ಕಳು. ಆದರೆ ಲಗ್ನಪತ್ರಿಕೆ? ತಮ್ಮನಾದವನು ಸೀರೆ ಕುಪ್ಪಸ ಹಿಡಿದು ಬಂದು, ಅಕ್ಕನ ಮನೆಯ ಹೊಸ್ತಿಲು ದಾಟಿ ಕರೆಯಬೇಕು. ನೀನು ಮಾಲು ಹೇರುವ ಆಟೋದ ಹಬೀಬನ ಕೈಯಲ್ಲಿ ಕಳಿಸಿದಿ. ಅವನು ಉಳ್ಳಾಗಡ್ಡಿ ಚೀಲದ ಮೇಲಿಂದ ಪತ್ರಿಕೆ ಎತ್ತಿ ಕೊಟ್ಟು ಹೋದ. ಅದಕ್ಕೇ ನಾನು ಅಜೀತನ ಲಗ್ನದ ಹಂದರದಲ್ಲಿ, ಎಲ್ಲರ ಮುಂದೆ, ಅವ್ವನ ತಲೆ ಮೇಲೆ ಕೈ ಇಟ್ಟು ಅಂದೆ: "ಇವನ ಕೂಡ ನಾ ಮಾತಾಡಿದರ ನಮ್ಮವ್ವನ ಜೀವಾ ಹೋಗಲಿ."

ನಾಲ್ಕು ವರ್ಷ ಬಾಯಿ ಕಟ್ಟಿಕೊಂಡು ಇದ್ದೆ. ಹೋದ ಆಗಸ್ಟಿನಲ್ಲಿ ನೀನು ಅದೇ ಹಬೀಬನ ಫೋನಿನಿಂದ ಮಾಡಿದಿ. ಯಾರದೋ ನಂಬರು ಎಂದು ಎತ್ತಿದೆ. ನಾನಕ್ಕಾ ಅಂದಿ. "ಹ್ಞಾಂ, ಹೇಳು" ಎಂದುಬಿಟ್ಟೆ. ಬಾಯಿ ಮುಚ್ಚಿಕೊಳ್ಳುವುದರೊಳಗೆ ಮಾತು ಹೊರಗೆ ಬಿದ್ದಿತ್ತು. ಅವ್ವನ ಕಣ್ಣು ಹಳದಿಯಾದದ್ದು ಅದಾದ ಮೇಲೆ. ಅವಳಿಗೆ ಏನು ಕೊಡಲಿ ಎಂದು ನನ್ನನ್ನು ಕೇಳುತ್ತಿ. ಕೊಡುವುದನ್ನು ಆಗಲೇ ಕೊಟ್ಟಾಗಿದೆಯಲ್ಲ.

ಬಾ ಎಂದು ಒಂದು ಅಕ್ಷರ ಬರೆದಿಲ್ಲ, ಬರುವುದು ಬಿಡುವುದು ಮರ್ಜಿಯಂತೆ. ಬಂದರೂ ನಿನ್ನ ಮನೆಯಲ್ಲಿ ಮೂಗಿಯ ಹಾಗೆ ಕೂರಬೇಕು. ಬಾಯಿ ತಪ್ಪಿ ಇನ್ನೊಂದು ಮಾತು ಬಿದ್ದರೆ ಅವ್ವನ ಗತಿ ಏನು?

ಈ ಪತ್ರದ ಜೊತೆ ಒಂದು ಕೌದಿ ಕಳಿಸಿದ್ದೇನೆ. ಅಂಗನವಾಡಿಯಿಂದ ಬಂದು ಸಂಜೆ ಸಂಜೆ ಹೊಲಿದದ್ದು, ಎಲ್ಲ ನನ್ನವೇ ಹಳೆಯ ಸೀರೆ. ಯಾವ ತುಂಡು ಯಾವ ಸೀರೆಯದು ಎಂದು ಅವ್ವನಿಗೆ ಹೇಳಿಕೊಡಬೇಕಾಗಿಲ್ಲ.

ಕಮಳಾಬಾಯಿ


ಮುಡಬಿ
೨೮ ನವೆಂಬರ್ ೨೦೨೪

ಅಕ್ಕನಿಗೆ ಜೈಭೀಮ್.

ಕೌದಿ ಮುಟ್ಟಿತು.

ನಿನ್ನ ಪತ್ರ ಓದಿ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಅಪ್ಪ ಬೌದ್ಧ ದೀಕ್ಷೆ ತಗೊಂಡ ದಿನ ದೇವರ ಪಟ, ತಾಯತ, ನಿಂಬೆಹಣ್ಣು ಎಲ್ಲವನ್ನೂ ಬುಟ್ಟಿಗೆ ತುಂಬಿ ಹಳ್ಳಕ್ಕೆ ಬಿಟ್ಟು ಬಂದ ಮನೆ ನಮ್ಮದು. ಆ ಬುಟ್ಟಿಯ ಒಂದು ಕಡೆ ಹಿಡಿದವಳು ನೀನೇ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಟೀಚರು ಹ್ಞಾಂ ಅಂದಳು, ಅದರಿಂದ ತಾಯಿಗೆ ಕ್ಯಾನ್ಸರ್ ಆಯಿತು. ಇದನ್ನು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳು, ನಾಲ್ಕು ಜನ ಏನನ್ನುತ್ತಾರೆ ಕೇಳು. ಇನ್ನೊಂದು ಮಾತು. ಆಗಸ್ಟಿನಲ್ಲಿ ಫೋನ್ ಮಾಡು ಅಂದವಳೇ ಅವ್ವ. ಆಗಲೇ ಅವಳಿಗೆ ಹೊಟ್ಟೆ ನೋಯುತ್ತಿತ್ತು, ಕಮಳಾನ ಕರಿ ಅಂದಿದ್ದಳು. ನೀನು ಹೇಳಲು ಬಿಟ್ಟಿದ್ದರೆ ಅದನ್ನೇ ಹೇಳುತ್ತಿದ್ದೆ.

ಏನು ಕೊಡಬೇಕೆಂದು ನೀನು ಹೇಳಲಿಲ್ಲ. ನಾನೇ ಯೋಚನೆ ಮಾಡಿದ್ದೇನೆ. ಕಲಬುರಗಿಯಲ್ಲಿ ಡಾಕ್ಟರು ಅವಳ ಕೂಡ ಮಾತಾಡಲು ಕೂಗಿ ಕೂಗಿ ಸುಸ್ತಾದರು. ನಮಗೂ ಹಾಗೇ. ಅವಳ ಹತ್ತಿರ ಕೂತು ಒಂದು ಕಷ್ಟ ಸುಖ ಹೇಳಿಕೊಳ್ಳುವ ಹಾಗಿಲ್ಲ. ನಾವು ಕೂಗಿದ್ದು ಓಣಿಗೆಲ್ಲ ಕೇಳುತ್ತದೆ, ಅವಳಿಗೊಬ್ಬಳಿಗೆ ಕೇಳುವುದಿಲ್ಲ. ಕೊನೆಗಾದರೂ ಮನೆಯವರ ಮಾತು ಕೇಳಿಕೊಂಡು ಇರಲಿ. ಕಿವಿಯ ಮಷಿನ್ ತರಬೇಕೆಂದಿದ್ದೇನೆ. ಕಲಬುರಗಿಯಲ್ಲಿ ಕಿವಿ ಅಳತೆ ನೋಡಿ ಕೊಡುತ್ತಾರಂತೆ. ನಿನಗೆ ಏನನ್ನಿಸುತ್ತದೆ?

ಮಚ್ಚೇಂದ್ರ


ಘಾಟಬೋರಾಳ
೯ ಡಿಸೆಂಬರ್ ೨೦೨೪

ಮಚ್ಚೇಂದ್ರ,

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವ್ವನಿಗೆ ಕಿವಿ ಕೇಳದೆ ಹತ್ತು ವರ್ಷ ಆಯಿತು. ಆವಾಗೆಲ್ಲ ನೆನಪಾಗದ ಕಿವಿ ಈಗ ನೆನಪಾಯಿತು. ನೋಡಲು ಬರುವ ಬೀಗರ ಮುಂದೆ, ನಮ್ಮವ್ವಗ ಮಷಿನ್ ಹಾಕಸೀನಿ ಎಂದು ಹೇಳಿಕೊಳ್ಳಲು ಅನುಕೂಲವಾಯಿತು.

ಅವಳು ಆ ಕಿವಿಯಿಂದ ಕೇಳುವುದಾದರೂ ಏನು? ನಿನ್ನ ಟೀವಿ, ಸೊಸೆ ಪಾತ್ರೆ ಕುಕ್ಕುವುದು, ನೀವಿಬ್ಬರು ಜಗಳಾಡುವುದು. ಕಿವುಡು ಎನ್ನುವುದು ಆ ಮನೆಯಲ್ಲಿ ಅವಳಿಗೆ ಸಿಕ್ಕ ಒಂದೇ ಸುಖ, ಅದನ್ನೂ ಕಿತ್ತುಕೊಳ್ಳಲು ಹೊರಟಿದ್ದಿ.

ಕೌದಿ ಮುಟ್ಟಿತು ಎಂದು ಬರೆದಿದ್ದಿ. ಅಷ್ಟೇ. ಹೊದ್ದಳೋ, ಬದಿಗಿಟ್ಟಳೋ, ಒಂದು ಮಾತಿಲ್ಲ. ನನಗೆ ಅರ್ಥವಾಯಿತು. ಎಮ್ಮೆ ಕರುವಿಗೆ ಥಂಡಿ ಆಗುತ್ತಿರಬೇಕು, ನಿನ್ನ ಹೆಂಡತಿ ಆಮ್ರಪಾಲಿ ಅದಕ್ಕೆ ಹೊದಿಸಿರುತ್ತಾಳೆ.

ಫೋನ್ ಮಾಡಿಸಿದವಳು ಅವ್ವ ಎಂಬುದನ್ನು ನಾನು ನಂಬುವುದಿಲ್ಲ. ನನ್ನ ತಪ್ಪು ಹಗುರ ಮಾಡಲು ಬರೆದಿದ್ದರೆ ಬೇಡ, ನನ್ನ ಭಾರ ನಾನು ಹೊರುತ್ತೇನೆ. ಅಪ್ಪನ ಬುಟ್ಟಿಯ ಮಾತು ತೆಗೆದಿದ್ದಿ, ನಾನೂ ಹೇಳುತ್ತೇನೆ. ಅವ್ವ ದೇವರನ್ನು ಬಿಟ್ಟಳು, ಆಣೆ ಬಿಡಲಿಲ್ಲ. ಹಂದರದಲ್ಲಿ ನಾನು ಕೈ ಇಟ್ಟಾಗ ಅವಳ ತಲೆ ನಡುಗಿದ್ದು ನನ್ನ ಕೈಗೆ ಗೊತ್ತು.

ಅವಳಿಗೆ ನಿದ್ದೆ ಬರುತ್ತದೆಯೇ? ಗಂಜಿಯಾದರೂ ಇಳಿಯುತ್ತದೆಯೇ? ಇಂಥದನ್ನು ಬರೆ. ಮಷಿನ್ ಸುದ್ದಿ ನನಗೆ ಬೇಡ.

ಕಮಳಾಬಾಯಿ


ಮುಡಬಿ
೨೨ ಡಿಸೆಂಬರ್ ೨೦೨೪

ಅಕ್ಕನಿಗೆ ಜೈಭೀಮ್.

ನೀನು ಬೇಡವೆಂದರೂ ಮಷಿನ್ ಸುದ್ದಿಯನ್ನೇ ಬರೆಯಬೇಕಾಗಿದೆ.

ತಂದು ಹಾಕಿದ ದಿನ ಆಮ್ರಪಾಲಿ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಬಹಳ ಹೊತ್ತು ಆ ಕಡೆಗೇ ಮುಖ ಮಾಡಿ ಕೂತಳು. "ಇಷ್ಟ ದಿನ ಸಪ್ಪಳ ಇಲ್ಲದ ರೊಟ್ಟಿ ಉಂಡೆ ನೋಡವಾ" ಎಂದಳು. ಕೋಳಿ ಕೂಗಿದರೆ ನಗುವುದು, ಬಾವಿಯ ಮೋಟರ್ ಚಾಲೂ ಆದರೆ ಯಾರದು ಎಂದು ಕೇಳುವುದು. ಮಕ್ಕಳಿಗಾಗಿ ಏನೇನೋ ತರುತ್ತೇವಲ್ಲ ಅಕ್ಕಾ, ಅವು ಇಷ್ಟು ಖುಷಿಪಟ್ಟಿದ್ದು ನಾನು ನೋಡಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಐದನೆಯ ದಿನ ಬಾಜು ಮನೆಯ ಜೈನಬಿ ಮಾತಾಡಿಸಲು ಬಂದಳು. ಡಾಕ್ಟರು ಏನಂದರು ಎಂದು ಕೇಳಿದಳು. ನಮ್ಮ ಮನೆಯ ರೂಢಿ ನಿನಗೆ ಗೊತ್ತಲ್ಲ. ಹತ್ತು ವರ್ಷದಿಂದ ಅವ್ವನ ಮುಂದೆಯೇ ಅವಳ ವಿಷಯ ಮಾತಾಡುತ್ತೇವೆ, ಗೋಡೆಯ ಮುಂದೆ ಮಾತಾಡಿದ ಹಾಗೆ. ಅವ್ವ ಅಲ್ಲೇ ಮಂಚದ ಮೇಲೆ ಕೂತಿದ್ದಳು. ನಾನು ಬಿಚ್ಚಿ ಹೇಳಿದೆ. ಲಿವರು ಪೂರಾ ಹೋಗಿದೆ, ಮಾಘ ದಾಟಿದರೆ ಅದೇ ಹೆಚ್ಚು ಎಂದೆ. ಜೈನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವ್ವನ ಕಡೆ ನೋಡಿದಳು. ಆಗ ನನಗೆ ಅವ್ವನ ಕಿವಿ ಕಂಡಿತು.

ಅವಳು ಅಳಲಿಲ್ಲ. "ಮಾಘ ಅಂದರ ಇನ್ನಾ ದೂರ ಅದ ಬಿಡು" ಎಂದಳು, ಜೈನಬಿಗೆ ಚಹಾ ಮಾಡು ಎಂದು ಸೊಸೆಗೆ ಹೇಳಿದಳು. ನಾನು ಹೊಲಕ್ಕೆ ಹೋಗಿ ತೊಗರಿ ಸಾಲಿನಲ್ಲಿ ಕೂತುಬಿಟ್ಟೆ. ನನ್ನ ಕೈಯಾರೆ ತಂದ ಕಿವಿಗೆ ನಾನೇ ವಿಷ ಹಾಕಿದೆ. ನೀನು ಬರೆದಿದ್ದೇ ಸರಿಯಾಯಿತು, ಓದಿ ಸಂತೋಷಪಡು.

ಮರುದಿನ ಅವ್ವ ನನ್ನನ್ನು ಕರೆದು ಕೂರಿಸಿಕೊಂಡಳು. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

"ಏನ ಬೇಕು ಏನ ಬೇಕು ಅಂತ ಜೀವಾ ತಿಂತಿದ್ದಿ. ಈಗ ಕಿವಿ ಕೊಟ್ಟಿ, ಛಲೋ ಆತು. ಕೇಳಾಕ ಏನ ಕೊಡ್ತಿ? ನೀನೂ ಕಮಳಾನೂ ಮಾತಾಡೋದು ಒಮ್ಮಿ ಕೇಳಬೇಕು. ನನ್ನ ತಲಿ ಮ್ಯಾಲಿನ ಆಣಿ ಇಳಸ್ರಿ. ಅದನ್ನ ಹೊತಗೊಂಡ ಹ್ಯಾಂಗ ಹೋಗಲಿ?"

ಹಾಕಿದವರೇ ಬಂದು ಇಳಿಸಬೇಕಂತೆ. ಹಿಂದಿನವರು ಮಾಡುತ್ತಿದ್ದ ಹಾಗೆ, ಅದೇ ತಲೆ ಮೇಲೆ ಕೈ ಇಟ್ಟು, ಬೇರೆ ಮಾತಾಡುವ ಮೊದಲು, ಆಣಿ ಬಿಟ್ಟೆ ಅನ್ನಬೇಕಂತೆ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೆ ಅವಳು ಬಾಯಿಬಿಟ್ಟು ಕೇಳಿದ್ದು ಜೀವಮಾನದಲ್ಲಿ ಇದೊಂದೇ.

ಮಚ್ಚೇಂದ್ರ


ಘಾಟಬೋರಾಳ
೨ ಜನವರಿ ೨೦೨೫

ಮಚ್ಚೇಂದ್ರ,

ಒಂದು ವಾರ ಪತ್ರ ಕೈಯಲ್ಲಿ ಹಿಡಿದು ತಿರುಗಿದೆ. ಎಷ್ಟು ಸಲ ಓದಿದರೂ ಇದು ಅವ್ವನ ಮಾತೋ ನಿನ್ನ ಮಾತೋ ತಿಳಿಯಲಿಲ್ಲ. ನಾಳೆ ಮಣ್ಣಿಗೆ ಬಂದ ಮಂದಿ ಅಕ್ಕ ತಮ್ಮ ಎದುರು ಬದುರು ನಿಂತರೂ ಮಾತಾಡಲಿಲ್ಲ ಎಂದು ಆಡಿಕೊಂಡರೆ ನಿನ್ನ ಮರ್ಯಾದೆ ಹೋಗುತ್ತದೆ. ಅದಕ್ಕೆ ನೀನೇ ಕಟ್ಟಿದ ಮಾತಿರಬಹುದು. ನಿನ್ನನ್ನು ನಂಬುವ ರೂಢಿ ನನಗೆ ತಪ್ಪಿ ಹೋಗಿದೆ.

ಅವ್ವನದೇ ಮಾತಾಗಿದ್ದರೂ ಕೇಳು. ಆಣೆ ಇಳಿಸಲು ನಾನು ಬರಬೇಕು, ಸರಿ. ಕರೆಯಬೇಕಾದವನು ಯಾರು? ಈ ಪತ್ರದಲ್ಲಿಯೂ ಬಾ ಎಂಬ ಅಕ್ಷರ ಇಲ್ಲ. ಅವ್ವ ಕೇಳಿದಳು, ಹಿಂದಿನವರು ಮಾಡುತ್ತಿದ್ದರು, ನನಗೆ ನಂಬಿಕೆಯಿಲ್ಲ. ಎಲ್ಲ ಬರೆದಿದ್ದಿ, ಅಕ್ಕಾ ತಪ್ಪಾಯಿತು ಬಾ ಎಂದು ಮಾತ್ರ ನಿನ್ನ ಪೆನ್ನಿನಿಂದ ಬರುವುದಿಲ್ಲ. ಅವತ್ತು ತರಬೇಕಾಗಿದ್ದ ಸೀರೆ ಕುಪ್ಪಸ ಇವತ್ತು ತೆಗೆದುಕೊಂಡು ಬಾ. ನನ್ನ ಹೊಸ್ತಿಲು ದಾಟು. ಅದೇ ಬಸ್ಸಿಗೆ ನಿನ್ನ ಹಿಂದೆ ಬರುತ್ತೇನೆ.

ಸುಜಾತಾ ಬೀದರಿನಲ್ಲಿ ಚೆನ್ನಾಗಿದ್ದಾಳೆ. ಗಂಡ ಒಳ್ಳೆಯವನು, ಮಗುವಿಗೆ ಹಲ್ಲು ಬಂದಿವೆ. ನೀನು ಕೇಳಲಿಲ್ಲ, ನಾನೇ ಬರೆದೆ.

ಕಮಳಾಬಾಯಿ


ಮುಡಬಿ
೯ ಜನವರಿ ೨೦೨೫

ಅಕ್ಕಾ,

ಅವ್ವನನ್ನು ಎತ್ತಿ ಕೂರಿಸಲು ಈಗ ಇಬ್ಬರು ಬೇಕು. ಹೊಟ್ಟೆಯಲ್ಲಿ ನೀರು ತುಂಬಿದೆ. ಬಿಟ್ಟು ಬರುವ ಹಾಗಿಲ್ಲ, ಹೀಗಾಗಿ ಸೀರೆ ಕುಪ್ಪಸ ಹಬೀಬನ ಕೈಯಲ್ಲಿ ಕಳಿಸಿದ್ದೇನೆ. ತಪ್ಪು ತಿಳಿಯಬೇಡ. ಹಸಿರು ಬಣ್ಣ ಆಮ್ರಪಾಲಿ ಆರಿಸಿದ್ದು.

ಇನ್ನೊಂದು ಕೆಲಸ. ಮಷಿನ್ನಿನ ಸೆಲ್ ಮುಗಿಯುತ್ತ ಬಂದಿದೆ. ಗುಂಡಿಯಷ್ಟು ಇರುತ್ತದೆ, ಬಸವಕಲ್ಯಾಣದಲ್ಲಿ ನನಗೆ ಸಿಗಲಿಲ್ಲ. ಹುಮನಾಬಾದ ಬಸ್ ಸ್ಟ್ಯಾಂಡ್ ಎದುರಿನ ಜಲಾಲುದ್ದೀನ್ ಮೆಡಿಕಲ್‌ನಲ್ಲಿ ಇದೆಯಂತೆ. ಹಳೆಯ ಸೆಲ್ಲಿನ ಕಾಗದ ಇದರಲ್ಲಿ ಇಟ್ಟಿದ್ದೇನೆ, ತೋರಿಸಿದರೆ ಕೊಡುತ್ತಾನೆ. ಈಗಿರುವುದನ್ನು ನೀನು ಬರುವ ದಿನಕ್ಕೆಂದು ಉಳಿಸುತ್ತಿದ್ದೇನೆ. ಹಗಲೆಲ್ಲ ತೆಗೆದಿಡುತ್ತೇನೆ, ಬಾಗಿಲಲ್ಲಿ ಯಾರಾದರೂ ಬಂದರೆ ಅವ್ವ ಕಿವಿ ಮುಟ್ಟಿ ತೋರಿಸಿ ಹಾಕು ಅನ್ನುತ್ತಾಳೆ. ನೀನು ಬಂದಿ ಎಂದುಕೊಳ್ಳುತ್ತಾಳೆ.

ಬಾ.

ಮಚ್ಚೇಂದ್ರ


ಘಾಟಬೋರಾಳ
೧೪ ಜನವರಿ ೨೦೨೫

ಮಚ್ಚೇಂದ್ರ,

ಹಬೀಬ ಬಂದಿದ್ದ. ಈ ಸಲ ಚೀಲ ಟೊಮೆಟೊದ್ದು, ಅಷ್ಟೇ ಫರಕು. ನಿನಗೆ ಬುದ್ಧಿ ಬರುವ ಹೊತ್ತಿಗೆ ನಾವಿಬ್ಬರೂ ಇರುವುದಿಲ್ಲ.

ರವಿವಾರ ಬರುತ್ತೇನೆ. ನಿನ್ನ ಸೀರೆಗಾಗಿ ಅಲ್ಲ, ಅವ್ವನಿಗಾಗಿ. ಸೆಲ್ಲು ಕೊಂಡಿದ್ದೇನೆ. ನಾನು ಒಳಗೆ ಬಂದ ಕೂಡಲೇ ಯಾರೂ ಮಾತಾಡಿಸಬಾರದು, ಆಮ್ರಪಾಲಿಗೂ ಹೇಳಿಡು. ಮೊದಲು ಅವ್ವನ ತಲೆ, ಆಮೇಲೆ ಬಾಯಿ.

ಕಮಳಾಬಾಯಿ


ಘಾಟಬೋರಾಳ
೨೫ ಜನವರಿ ೨೦೨೫

ಮಚ್ಚೇಂದ್ರ,

ಅವ್ವನ ಮಣ್ಣಿಗೆ ಬಂದು ಹೋಗಿ ಮೂರು ದಿನವಾಯಿತು. ಅಲ್ಲಿ ನಾನು ನಿನ್ನ ಕೂಡ ಒಂದು ಮಾತೂ ಆಡಲಿಲ್ಲ, ನೀನೂ ಆಡಲಿಲ್ಲ. ಮಂದಿ ನೋಡಿದರು, ನೋಡಲಿ. ಹೊಟ್ಟೆಯಲ್ಲಿ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ರವಿವಾರ ನಾನು ಬಂದೆ. ಅವ್ವ ನನ್ನ ಕೌದಿಯನ್ನೇ ಹೊದ್ದು ಮಲಗಿದ್ದಳು. ಅದರ ಒಂದು ಮೂಲೆ ಕೈಯಲ್ಲಿ ಹಿಡಿದು ಹಿಡಿದು ಸವೆದು ಹೋಗಿತ್ತು. ಎರಡು ತಿಂಗಳು ನಾನು ಎಮ್ಮೆ ಕರು ಎಂದುಕೊಂಡು ಅತ್ತಿದ್ದೇನೆ. ಕೌದಿ ಬಿಡುವುದಿಲ್ಲ ಅಕ್ಕಾ ಎಂದು ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಅವಳ ತಲೆ ಮೇಲೆ ಕೈ ಇಟ್ಟೆ. "ಆಣಿ ಬಿಟ್ಟೇನವ್ವಾ" ಅಂದೆ. "ತಮ್ಮಾ, ಹ್ಯಾಂಗದಿ" ಅಂದೆ. "ಛಲೋ ಅದೀನಕ್ಕಾ" ಅಂದಿ. ನಾಲ್ಕು ವರ್ಷ ಇಷ್ಟು ಸಣ್ಣ ಮಾತಿಗೆ ಸತ್ತೆವಲ್ಲ ಎಂದು ನನಗೆ ಅಳು ಬಂತು. ಆಮ್ರಪಾಲಿ ಚಹಾ ಮಾಡಲು ಎದ್ದಳು. ಚಹಾ ಬರುವುದರೊಳಗೆ ಎಲ್ಲ ಮುಗಿದಿತ್ತು.

ಸೀರೆಯ ಚೀಲ ನಿನ್ನ ಮುಂದೆ ಇಟ್ಟು, ಇದನ್ನೂ ಹಬೀಬನೇ ತಂದನಲ್ಲಪ್ಪಾ ಎಂದದ್ದು ನಾನು ನಗುತ್ತಲೇ. ನೀನು ನಗಲಿಲ್ಲ. ದನಿ ಏರಿಸಿದಿ. ಪತ್ರಿಕೆ ಅಂದಿ, ಹಂದರ ಅಂದಿ, ನಾಲ್ಕು ಜನರೊಳಗೆ ಮಾನ ಕಳೆದಿ ಅಂದಿ. ಕಡೆಗೆ, "ಸುಜಾತಾನೇ ಅಜೀತಗ ಒಲ್ಲೆ ಅಂದಿದ್ದಳು, ಹೋಗಿ ಕೇಳು ನಿನ್ನ ಮಗಳಿಗಿ" ಎಂದಿ. ಸಾಯುವ ತಾಯಿಯ ಮಂಚದ ಮುಂದೆ. ನಾನೂ ಸುಮ್ಮನಿರಲಿಲ್ಲ, ಒಪ್ಪುತ್ತೇನೆ. ತಿರುಗಿ ನೋಡಿದರೆ ಮಷಿನ್ ಕೌದಿಯ ಮೇಲೆ ಬಿದ್ದಿತ್ತು. ಅವ್ವ ತಾನೇ ಕಿತ್ತು ಇಟ್ಟಿದ್ದಳು. ನಿನ್ನ ಆ ಮಾತಿಗೇ ಕಿತ್ತಳು, ನನಗೆ ಸಂಶಯವಿಲ್ಲ. ಮತ್ತೆ ಹಾಕಲು ಹೋದರೆ ಮುಖ ಗೋಡೆಗೆ ತಿರುಗಿಸಿದಳು. ಬುಧವಾರದವರೆಗೂ ಹಾಕಿಸಿಕೊಳ್ಳಲಿಲ್ಲವಂತೆ. ನನ್ನ ಮಗಳ ಮೇಲಿನ ಚಾಡಿಯನ್ನೇ ಅವಳ ಕಿವಿಗೆ ಬಿದ್ದ ಕಡೇ ಮಾತು ಮಾಡಿದಿ. ಇದೇ ನೀನು ತಾಯಿಗೆ ಕೊಟ್ಟ ಕಾಣಿಕೆ.

ಸುಜಾತಾಳಿಗೆ ಫೋನ್ ಮಾಡಿ ಕೇಳಿದೆ. ಹೌದು ಅಂದಳು. ಅದು ಬೇರೆ.

ಬಿಟ್ಟೆ ಅಂದಮೇಲೂ ಆಣೆ ಹಿಡಿಯುತ್ತದೋ ಏನೋ. ರವಿವಾರ ಮಾತಾಡಿದೆ, ಬುಧವಾರ ಹೋದಳು.

ಶಾಲು, ಟ್ರಂಕು ನೀವೇ ಇಟ್ಟುಕೊಳ್ಳಿ. ಆ ಮಷಿನ್ ನನಗೆ ಕಳಿಸು. ಹಬೀಬನ ಕೈಯಲ್ಲಾದರೂ ಸರಿ.

ಕಮಳಾಬಾಯಿ


ಮುಡಬಿ
೩೦ ಜನವರಿ ೨೦೨೫

ಅಕ್ಕಾ,

ನಿನ್ನ ಪತ್ರಕ್ಕೆ ನಾನು ಬೇರೆಯೇ ಉತ್ತರ ಬರೆಯುವವನಿದ್ದೆ. ಅವ್ವ ಕಿತ್ತದ್ದು ನನ್ನ ಮಾತಿಗಲ್ಲ, ನಿನ್ನ ಮಾತಿಗೆ ಎಂದು. ನೀನು ನೀರಿನ ತಂಬಿಗೆ ದೂಡಿ, "ಇನ್ನ ನಿಮ್ಮ ಮನಿ ನೀರ ಮುಟ್ಟಿದರ ನಾ ಗಂಗುಬಾಯಿ ಮಗಳೇ ಅಲ್ಲ" ಎಂದು ಚೀರಿದಿಯಲ್ಲ, ಆಗ. ತಾಯಿಯ ಹೆಸರು ಹಿಡಿದು ತಾಯಿಯ ಮುಂದೆಯೇ ಇನ್ನೊಂದು ಆಣೆ. ಇದನ್ನೇ ಬರೆಯಲು ಕೂತಿದ್ದೆ, ಎರಡು ಹಾಳೆ ಬರೆದೂ ಆಗಿತ್ತು. ಆಮ್ರಪಾಲಿಗೆ ಓದಿ ಹೇಳಿದೆ, ಯಾರದು ಸರಿ ನೀನೇ ಹೇಳು ಎಂದು.

ಇಬ್ಬರದೂ ಅಲ್ಲ ಎಂದಳು.

ಅವಳು ಒಲೆಯ ಮುಂದಿನಿಂದ ನೋಡುತ್ತಿದ್ದಳಂತೆ. ನೀನು ಹ್ಯಾಂಗದಿ ಅಂದಿ, ನಾನು ಛಲೋ ಅದೀನಕ್ಕಾ ಅಂದೆ. ಅವ್ವ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳಂತೆ. ನಾವಿಬ್ಬರೂ ಮುಖ ಮುಖ ನೋಡುತ್ತ ನಿಂತಿದ್ದಾಗಲೇ ಮಷಿನ್ ತೆಗೆದು ಕೌದಿಯ ಮೇಲೆ ಇಟ್ಟಳಂತೆ. ಆಮ್ರಪಾಲಿ ಹತ್ತಿರ ಹೋಗಿ, ಯಾಕತ್ತಿ ಎಂದು ಸನ್ನೆ ಮಾಡಿದಳು. ಅವ್ವ ಸಣ್ಣ ದನಿಯಲ್ಲಿ ಅಂದದ್ದು ಇಷ್ಟು: "ಸಾಕು. ಮುಂದಿಂದು ನನಗ ಗೊತ್ತದ."

ನಮ್ಮ ಜಗಳದ ಒಂದು ಅಕ್ಷರವೂ ಅವಳ ಕಿವಿಗೆ ಬಿದ್ದಿಲ್ಲ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದೆ. "ನೀವು ನನಗ ಯಾವಾಗ ಕೇಳೀರಿ?" ಎಂದಳು.

ಇದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ ಅಕ್ಕಾ. ಬೈಗುಳ ಕೇಳಿ ಕಿತ್ತಿದ್ದರೆ ಅದೊಂದು ಮಾತು. ಒಂದು ಚಹಾ ಕುದಿಯುವಷ್ಟು ಹೊತ್ತೂ ನಾವು ಸರಿಯಾಗಿ ಇರಲಾರೆವು ಎಂದು ನಮ್ಮನ್ನು ಹೆತ್ತವಳಿಗೆ ಮೊದಲೇ ಗೊತ್ತಿತ್ತು. ತನಗೆ ಬೇಕಾದ್ದನ್ನು ತಗೊಂಡು ಬಾಗಿಲು ಹಾಕಿಕೊಂಡಳು. ಬರೆದ ಎರಡು ಹಾಳೆ ಹರಿದು ಹಾಕಿದೆ.

ಕೌದಿಯ ವಿಷಯ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಿ. ನಾನು ತಂದ ಶಾಲು ಟ್ರಂಕಿಗೆ ಹೋಯಿತು, ನಿನ್ನ ಹಳೆಯ ಸೀರೆಯ ತುಂಡುಗಳನ್ನು ಅವಳು ಎದೆಗೆ ಅಪ್ಪಿಕೊಂಡಳು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೇ ಬರೆಯಲಿಲ್ಲ.

ಮಷಿನ್ ಕಳಿಸಲಾರೆ. ಅದು ನನ್ನ ಹತ್ತಿರ ಇಲ್ಲ. ಬುಧವಾರ ಸಂಜೆ ಹೊಲದ ಬದುವಿಗೆ ಒಯ್ಯುವ ಮೊದಲು, ನೀವು ಹೆಣ್ಣುಮಕ್ಕಳೆಲ್ಲ ಹೊರಗೆ ನಿಂತಿದ್ದಾಗ, ನಾನೇ ಅವಳ ಕಿವಿಗೆ ಹಾಕಿದೆ. ನೀನು ತಂದ ಹೊಸ ಸೆಲ್ಲಿನ ಹಿಂದಿನ ಚೀಟಿ ಕಿತ್ತು, ಒಳಗೆ ಕೂರಿಸಿ, ಚಾಲೂ ಮಾಡಿದೆ. ಆಣೆ ನಂಬದವನು ಹೀಗೆ ಮಾಡಿದೆ. ನಗುವುದಾದರೆ ನಗು. ಹೊಲಕ್ಕೆ ಹೋದಾಗ ಈಗಲೂ ಆ ಬದುವಿನ ಹತ್ತಿರ ನಾನು ಕೂಲಿಯವರಿಗೆ ಬೈಯುವುದಿಲ್ಲ, ದೂರ ಕರೆದು ಬೈಯುತ್ತೇನೆ.

ಈಗ ಆಣೆ ಇಲ್ಲ. ಫೋನ್ ಮಾಡಿದರೆ ಎತ್ತುತ್ತೀಯಾ?

ಮಚ್ಚೇಂದ್ರ


ಘಾಟಬೋರಾಳ
೬ ಫೆಬ್ರವರಿ ೨೦೨೫

ತಮ್ಮಾ,

ನಿನ್ನ ಪತ್ರ ಸೋಮವಾರವೇ ಬಂತು. ಬೇಕೆಂದೇ ಉತ್ತರ ಬರೆಯಲಿಲ್ಲ.

ಆಮ್ರಪಾಲಿ ಹೇಳಿದ್ದು ನಿಜವೋ, ನಮ್ಮಿಬ್ಬರ ಬಾಯಿ ಮುಚ್ಚಿಸಲು ಕಟ್ಟಿದ ಮಾತೋ, ನನಗೆ ತಿಳಿಯದು. ಕಟ್ಟಿದ್ದೇ ಆಗಿದ್ದರೂ ಆ ಮಾತು ಅವ್ವನ ಹಾಗೇ ಇದೆ. ನಿನ್ನ ಹೆಂಡತಿಯನ್ನು ನಾನು ಇಷ್ಟು ದಿನ ಪಾತ್ರೆ ಕುಕ್ಕುವವಳು ಎಂದುಕೊಂಡಿದ್ದೆ. ಅವಳಿಗೆ ನನ್ನ ಜೈಭೀಮ್ ತಿಳಿಸು.

ಪತ್ರ ಓದಿದ ಮರುದಿನ ಅಂಗನವಾಡಿಗೆ ರಜೆ ಹಾಕಿ ಹುಮನಾಬಾದಿಗೆ ಹೋದೆ. ಜಲಾಲುದ್ದೀನನಿಗೆ ಕೇಳಿದೆ, ಮಷಿನ್ ಹಗಲು ರಾತ್ರಿ ಚಾಲೂ ಬಿಟ್ಟರೆ ಒಂದು ಸೆಲ್ಲು ಎಷ್ಟು ದಿನ ಬರುತ್ತದೆ ಎಂದು. ತೆಗೆದಿಡಬೇಕ್ರೀ, ರಾತ್ರಿ ಯಾಕ ಹಾಕಸ್ತೀರಿ ಎಂದ. ತೆಗೆಯುವ ಹಾಗಿಲ್ಲ ಎಂದೆ. ಏನು ಮಾಡಿದರೂ ಎರಡು ವಾರದ ಮೇಲೆ ನಡೆಯುವುದಿಲ್ಲ ಎಂದು ಹೇಳಿದ.

ನಿನ್ನೆಗೆ ಎರಡು ವಾರ ತುಂಬಿತು. ಇನ್ನು ಫೋನ್ ಮಾಡು. ಬೈಯುವುದಿದ್ದರೆ ಬೈ, ನನ್ನ ಹತ್ತಿರವೂ ಬಹಳ ಇದೆ. ಈಗ ಅವಳಿಗೆ ಕೇಳಿಸುವುದಿಲ್ಲ.

ನಿನ್ನ ಅಕ್ಕ,
ಕಮಳಾ